ಮನೆಯಲ್ಲಿ ಮಾಡಿದ ಅಚ್ಚಿನಿಂದ ರೆಸಿನ್ ತುಂಡನ್ನು ಬಿಡಿಸುವುದು ಹೇಗೆ?

ಪ್ರಶ್ನೆ (ದಾವಣಗೆರೆ)

ನಮಸ್ಕಾರ. ಸಣ್ಣ ಲೇತಿನಲ್ಲಿ ಪೆನ್ನಿನ ಒಡಲು ಕಡೆಯುವುದು ನನ್ನ ಹವ್ಯಾಸ. ನಮ್ಮ ಕಡೆ ಹೇರಳವಾಗಿ ಸಿಗುವ ಬಳ್ಳಾರಿ ಜಾಲಿಯ ಬೊಡ್ಡೆಯನ್ನು ಸೀಳಿ, ಅದರ ಬಿರುಕುಗಳು ತುಂಬುವಂತೆ ಬಣ್ಣದ ಎಪಾಕ್ಸಿ ರೆಸಿನ್ (ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದಾಗ ಗಟ್ಟಿಯಾಗುವ ದ್ರವ) ಎರೆದು, 20 ಮಿ.ಮೀ. ಚೌಕದ, 130 ಮಿ.ಮೀ. ಉದ್ದದ ತುಂಡುಗಳನ್ನು ಮಾಡಿಕೊಳ್ಳಬೇಕೆಂದಿದ್ದೇನೆ. ಮೈಕಾ ಅಂಟಿಸಿದ ಪ್ಲೈವುಡ್ ಚೂರುಗಳನ್ನು ಜೋಡಿಸಿ ಅಚ್ಚು ಮಾಡಿ, ಒಳಮೈಗೆ ಕೊಬ್ಬರಿ ಎಣ್ಣೆ ಸವರಿ ಎರೆದೆ. ಎರಡು ದಿನ ಬಿಟ್ಟು ಬಿಚ್ಚಲು ಹೋದರೆ ತುಂಡು ಜಗ್ಗಲೇ ಇಲ್ಲ. ಉಳಿಯಿಟ್ಟು ತಟ್ಟಿದಾಗ ಮೈಕಾ ಹಾಳೆಯೇ ಪ್ಲೈವುಡ್ಡಿನಿಂದ ಕಿತ್ತು ರೆಸಿನ್ನಿನ ಜೊತೆಗೆ ಬಂತು, ಒಂದು ಮೂಲೆ ಚಕ್ಕೆಯೆದ್ದಿತು. ಎಣ್ಣೆ ನಿಂತಿದ್ದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಗುಳಿಗಳು ಬಿದ್ದಿದ್ದವು. ಎಣ್ಣೆಯ ಬದಲು ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಸಾಕೇ, ಅಥವಾ ಅಚ್ಚನ್ನೇ ಬದಲಿಸಬೇಕೇ?

ಉತ್ತರ (ಹೊಳಲ್ಕೆರೆ)

ಅಚ್ಚನ್ನೇ ಬದಲಿಸಿ. ಎಪಾಕ್ಸಿ ಮೂಲತಃ ಅಂಟು. ಮರ, ಗಾಜು, ಲೋಹ, ಅಕ್ರಿಲಿಕ್ ಇವೆಲ್ಲವನ್ನೂ ಅದು ಬಿಗಿಯಾಗಿ ಹಿಡಿಯುತ್ತದೆ. ಆದರೆ ಪಾಲಿಥಿಲೀನ್, ಪಾಲಿಪ್ರೊಪಿಲೀನ್ ಎಂಬ ಮೇಣದಂತಹ ಮೈಯ ಪ್ಲಾಸ್ಟಿಕ್‌ಗಳನ್ನು ಅದು ಹಿಡಿಯಲಾರದು. ಡಬ್ಬಿಯ ತಳದ ತ್ರಿಕೋನದಲ್ಲಿ 2 ಅಥವಾ 5 ಎಂಬ ಅಂಕಿಯಿದ್ದರೆ ಅದು ಇದೇ ಜಾತಿಯದು. ಪಾತ್ರೆ ಅಂಗಡಿಯಲ್ಲಿ ತರಕಾರಿ ಹೆಚ್ಚಲೆಂದು ಮಾರುವ ಬಿಳಿಯ ದಪ್ಪ ಹಲಗೆಗಳಲ್ಲಿಯೂ ಹೆಚ್ಚಿನವು ಪಾಲಿಥಿಲೀನಿನವು. ಅವನ್ನು ಪಟ್ಟಿಗಳಾಗಿ ಕೊಯ್ದು, ಸ್ಕ್ರೂ ಹಾಕಿಯೇ ಜೋಡಿಸಬೇಕು, ಏಕೆಂದರೆ ಸಾಮಾನ್ಯ ಅಂಟುಗಳು ಅದಕ್ಕೆ ಹಿಡಿಯುವುದಿಲ್ಲ. ಜೋಡಿಸುವಾಗ ಕಷ್ಟ ಕೊಡುವ ಈ ಗುಣವೇ ಬಿಚ್ಚುವಾಗ ನಿಮ್ಮ ನೆರವಿಗೆ ಬರುತ್ತದೆ. ಹೊಸ ಹಲಗೆಯನ್ನೇ ತನ್ನಿ. ಚಾಕುವಿನ ಗೀರುಗಳಿರುವ ಹಳೆಯದಾದರೆ ರೆಸಿನ್ ಆ ಗೀರುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ.

ಅಂಟುವುದು ಬೇರೆ, ಸಿಕ್ಕಿಕೊಳ್ಳುವುದು ಬೇರೆ ಎಂಬುದನ್ನು ದಯವಿಟ್ಟು ಗಮನಿಸಿ. ಅಂಟದ ಪ್ಲಾಸ್ಟಿಕ್ಕಿನಲ್ಲಿಯೂ ಒಳಮೈ ಒಂದೆಡೆ ಹೊಟ್ಟೆ ಬಿಟ್ಟಿದ್ದರೆ, ಅಥವಾ ಬಾಯಿ ತಳಕ್ಕಿಂತ ಕಿರಿದಾಗಿದ್ದರೆ, ತುಂಡು ಹೊರಬರುವುದಿಲ್ಲ. ಅಚ್ಚು ಒಂದೇ ತುಣುಕಿನದಾದರೆ ಗೋಡೆಗಳು ಎರಡು ಮೂರು ಡಿಗ್ರಿಯಾದರೂ ಹೊರಕ್ಕೆ ವಾಲಿರಬೇಕು. ಬಿಚ್ಚುವ ಅಚ್ಚಿಗೆ ಆ ಚಿಂತೆಯಿಲ್ಲ. ಆದರೆ ಸಂದುಗಳಲ್ಲಿ ರೆಸಿನ್ ಸೋರದಂತೆ ಹೊರಗಿನಿಂದ ಟೇಪು ಸುತ್ತಬೇಕು.

ಉತ್ತರ (ಹರಿಹರ)

ಮೇಲಿನ ಮಾತು ಸರಿ. ಆದರೂ ಇರುವ ಮೈಕಾ ಅಚ್ಚನ್ನು ಎಸೆಯಬೇಕಾಗಿಲ್ಲ. ಒಳಮೈಗೆ ಅಗಲವಾದ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಅಂಟಿಸಿ. ಅದರ ಹಾಳೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನದೇ ಆಗಿರುವುದರಿಂದ ರೆಸಿನ್ ಅದಕ್ಕೆ ಹಿಡಿಯುವುದಿಲ್ಲ. ಟೇಪಿನಲ್ಲಿ ಸುಕ್ಕು ಬಿದ್ದರೆ ಆ ಸುಕ್ಕು ತುಂಡಿನ ಮೇಲೂ ಮೂಡುತ್ತದೆ, ಅಷ್ಟೇ. ಕೊಬ್ಬರಿ ಎಣ್ಣೆಯನ್ನಂತೂ ಬಿಟ್ಟುಬಿಡಿ. ಅದು ಗಟ್ಟಿ ಪದರವಾಗಿ ನಿಲ್ಲದೆ ಹನಿಗೂಡುತ್ತದೆ, ಎರೆಯುವಾಗ ರೆಸಿನ್ನಿನೊಳಗೆ ಸೇರುತ್ತದೆ. ನಿಮ್ಮ ಗುಳಿಗಳಿಗೆ ಅದೇ ಕಾರಣ. ಪೆಟ್ರೋಲಿಯಂ ಜೆಲ್ಲಿ ದಪ್ಪವಾಗಿ ನಿಲ್ಲುತ್ತದೆಯಾದರೂ ಸವರಿದ ಬೆರಳಿನ ಗೆರೆಗಳೆಲ್ಲ ತುಂಡಿನ ಮೇಲೆ ಬರುತ್ತವೆ. ಹಚ್ಚಲೇಬೇಕೆಂದರೆ ಕಾರ್ನೌಬಾ ಎಂಬ ಗಟ್ಟಿ ಸಸ್ಯಮೇಣವನ್ನು ತೆಳ್ಳಗೆ ನಾಲ್ಕೈದು ಸಲ ಹಚ್ಚಿ, ಪ್ರತಿ ಸಲವೂ ಒಣಗಿಸಿ ಬಟ್ಟೆಯಿಂದ ತಿಕ್ಕಿ. ಅದರ ಮೇಲೆ ಪಾಲಿವಿನೈಲ್ ಆಲ್ಕೊಹಾಲ್ ದ್ರಾವಣ ಬಳಿದು ಪೂರ್ತಿ ಒಣಗಿಸಿದರೆ ತೆಳುವಾದ ಪೊರೆಯಾಗುತ್ತದೆ. ತುಂಡು ಹೊರಬಂದ ಮೇಲೆ ಆ ಪೊರೆ ನೀರಿನಲ್ಲಿ ತೊಳೆದುಹೋಗುತ್ತದೆ.

ಪಾಲಿಯೆಸ್ಟರ್ ರೆಸಿನ್ ಬಳಸುವವರಿಗೂ ಒಂದು ಮಾತು. ಅದು ಗಟ್ಟಿಯಾಗುವಾಗ ಎಪಾಕ್ಸಿಗಿಂತ ಹೆಚ್ಚು ಕುಗ್ಗಿ, ಗೋಡೆಯಿಂದ ತಾನಾಗಿಯೇ ಸರಿಯುತ್ತದೆ. ಆದರೆ ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ, ಅದರ ವಾಸನೆಯೂ ಕಟು. ಕಿಟಕಿ ತೆರೆದಿಟ್ಟುಕೊಂಡೇ ಕೆಲಸ ಮಾಡಬೇಕು.

ಉತ್ತರ (ಚಳ್ಳಕೆರೆ)

ಅಚ್ಚು ಎಷ್ಟೇ ಚೆನ್ನಾಗಿದ್ದರೂ ರೆಸಿನ್ ಪೂರ್ತಿ ಗಟ್ಟಿಯಾಗದಿದ್ದರೆ ತುಂಡು ಜಿಗುಟಾಗಿರುತ್ತದೆ, ಎಳೆದರೆ ಬಾಗುತ್ತದೆ. ಅಂಚಿನಲ್ಲಿ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೊಂದು ದಿನ ಕಾಯಿರಿ. ರೆಸಿನ್ ಮತ್ತು ಹಾರ್ಡನರ್ ಪ್ರಮಾಣವನ್ನು ಡಬ್ಬಿಯಲ್ಲಿ ತೂಕದಲ್ಲಿ ಹೇಳಿದ್ದರೆ ತೂಗಿಯೇ ಬೆರೆಸಿ, ಅಳತೆಯಲ್ಲಿ ಹೇಳಿದ್ದರೆ ಅಳೆದೇ ಬೆರೆಸಿ. ಹಾರ್ಡನರ್ ಸ್ವಲ್ಪ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಎಪಾಕ್ಸಿಯಲ್ಲಿ ಅದು ನಿಜವಲ್ಲ, ಉಳಿದ ಹಾರ್ಡನರ್ ತುಂಡನ್ನು ಮೆದುವಾಗಿಯೇ ಇರಿಸುತ್ತದೆ.

ನಮ್ಮ ಏಪ್ರಿಲ್ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಉಷ್ಣಾಂಶ 10 ಡಿಗ್ರಿ ಏರಿದರೆ ಎರೆಯಲು ಸಿಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆರೆಸಿದ ಲೋಟದಲ್ಲಿಯೇ ಬಿಟ್ಟರೆ ಅದು ತನ್ನ ಕಾವಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವೇ ಬೆರೆಸಿ ಎರೆಯಿರಿ.

ಪ್ರಶ್ನೆ ಕೇಳಿದವರು (ದಾವಣಗೆರೆ)

ಎಲ್ಲರಿಗೂ ಧನ್ಯವಾದಗಳು. ಬಿಳಿ ಹಲಗೆಯನ್ನು ಕೊಯ್ದು, ಎಂಟು ಸ್ಕ್ರೂ ಹಾಕಿ ಅಚ್ಚು ಜೋಡಿಸಿದೆ; ಹಲಗೆ ಸಾಲದ ಒಂದು ಬದಿಗೆ ಹಳೆಯ ಮೈಕಾ ಪಟ್ಟಿಯನ್ನೇ ಟೇಪು ಹಚ್ಚಿ ಬಳಸಿದೆ. ಬೆಳಿಗ್ಗೆ ಆರಕ್ಕೆ ಎರೆದು, ಎರಡು ದಿನ ಬಿಟ್ಟು ಉಗುರು ಒತ್ತಿ ನೋಡಿ, ಸ್ಕ್ರೂ ಸಡಿಲಿಸಿದೆ. ಬದಿಯ ಪಟ್ಟಿ ಕೈಗೇ ಬಂತು, ಉಳಿ ಮುಟ್ಟಬೇಕಾಗಲಿಲ್ಲ. ಒಂದು ಸಂದಿನಲ್ಲಿ ಸೋರಿದ ರೆಸಿನ್ ಹಾಳೆಯಷ್ಟು ತೆಳ್ಳಗೆ ನಿಂತಿತ್ತು, ಬ್ಲೇಡಿನಿಂದ ತೆಗೆದೆ. ಟೇಪಿನ ಬದಿಯಲ್ಲಿದ್ದ ಎರಡು ಸುಕ್ಕುಗಳು ಲೇತಿನಲ್ಲಿ ಮೊದಲ ಸುತ್ತು ಕಡೆಯುವಾಗಲೇ ಹೋದವು.