ಕೊಂಡಿ, ಕಟರ್, ಲೂಸ್: ಸೈಕಲ್ ಚೈನ್ ರಿಪೇರಿಯ ಕೆಲವು ಪದಗಳ ಬಗ್ಗೆ

ಪುಣೆ, ಮುಂಬಯಿ, ಗೋವಾಗಳಲ್ಲಿ ದೂರದ ಸೈಕಲ್ ಸವಾರಿಗೆ ಹೊರಡುವ ಕನ್ನಡದವರಿಗಾಗಿ, ಜೊತೆಗೆ ಒಯ್ಯುವ ಉಪಕರಣಗಳು ಮತ್ತು ಚೈನ್ ರಿಪೇರಿಯ ಬಗ್ಗೆ ಒಂದು ಹಾಳೆಯ ಕೈಪಿಡಿ ಬರೆಯುತ್ತಿದ್ದೇವೆ. ಸೀಟಿನ ಕೆಳಗಿನ ಚೀಲದಲ್ಲಿ ಮಡಚಿಟ್ಟುಕೊಂಡು, ಕಾತ್ರಜ್ ಘಾಟಿನಲ್ಲೋ ಖಂಬಾಟಕಿಯಲ್ಲೋ ಚೈನ್ ಹರಿದಾಗ ತೆಗೆದು ಓದುವಂಥದ್ದು. ಇಲ್ಲಿರುವ ಕನ್ನಡದವರು ಒಂದೇ ಕಡೆಯವರಲ್ಲ. ವಿಜಯಪುರದವರು ಸೈಕಲ್ ಹೊಡೆಯುತ್ತಾರೆ, ಮೈಸೂರಿನವರು ತುಳಿಯುತ್ತಾರೆ, ಮಂಗಳೂರಿನವರು ಬಿಡುತ್ತಾರೆ. ಅಂಗಡಿಯಲ್ಲಿ ಮರಾಠಿ, ಹಿಂದಿ. ಯಾವ ಹೆಸರಿಟ್ಟರೂ ನಡೆಯುವ ಪದಗಳು ಹಲವಿವೆ. ಹೆಸರು ತಪ್ಪಿದರೆ ರಿಪೇರಿಯೇ ತಪ್ಪುವ ಪದಗಳು ನಾಲ್ಕಾರು. ಅವುಗಳ ಬಗ್ಗೆ ತಿಳಿದವರ ಅಭಿಪ್ರಾಯ ಬೇಕು.

ಎಲ್ಲಕ್ಕಿಂತ ಹೆಚ್ಚು ತೊಡಕಿನದು ‘ಕೊಂಡಿ’, ಅಂದರೆ ಚೈನಿನ ಲಿಂಕು. ಚೈನಿನ ಪೆಟ್ಟಿಗೆಯ ಮೇಲೆ 114, 116 ಎಂದು ಅಚ್ಚಾಗಿರುವ ಸಂಖ್ಯೆ ಲಿಂಕುಗಳದ್ದು. ಅಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಒಂದು ಲಿಂಕು, ಅಂದರೆ ಅರ್ಧ ಇಂಚು, 12.7 ಮಿ.ಮೀ. ಆದರೆ ಒಳಗಿನ ಪಟ್ಟಿಗಳದ್ದೊಂದು, ಹೊರಗಿನ ಪಟ್ಟಿಗಳದ್ದೊಂದು, ಎರಡೂ ಸೇರಿದ ಒಂದು ಇಂಚನ್ನೇ ಒಂದು ಲಿಂಕು ಎನ್ನುವವರೂ ಇದ್ದಾರೆ. ಹೀಗಾಗಿ ‘ಎರಡು ಕೊಂಡಿ ತೆಗೆಯಿರಿ’ ಎಂದು ಬರೆದರೆ ಒಬ್ಬ ಒಂದು ಇಂಚು ತೆಗೆಯುತ್ತಾನೆ, ಇನ್ನೊಬ್ಬ ಎರಡು ಇಂಚು. ಒಂದು ಇಂಚು ಗಿಡ್ಡವಾದ ಚೈನಿನಲ್ಲಿ ಹೇಗೋ ಮನೆ ಸೇರಬಹುದು. ಎರಡು ಇಂಚು ಹೋದ ಮೇಲೆ, ಮುಂದೆ ದೊಡ್ಡ ಹಲ್ಲುಚಕ್ರ ಹಿಂದೆಯೂ ದೊಡ್ಡದು ಎಂಬ ಜೋಡಣೆಗೆ ಅಪ್ಪಿತಪ್ಪಿ ಗಿಯರ್ ಬಿದ್ದರೆ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಎಳೆತಕ್ಕೆ ಸಿಕ್ಕಿ ಮುರಿಯಬಹುದು, ಅದು ಕೂತಿರುವ ಹ್ಯಾಂಗರ್ ಬಗ್ಗಬಹುದು.

ನನ್ನ ಸಲಹೆ ಇದು: ಅರ್ಧ ಇಂಚಿನ ತುಂಡುಗಳಿಗೆ ‘ಒಳಕೊಂಡಿ’, ‘ಹೊರಕೊಂಡಿ’. ಒಂದು ಇಂಚಿಗೆ ‘ಜೊತೆ’. ಎತ್ತು, ಚಪ್ಪಲಿ, ಬಳೆ ಎಲ್ಲಕ್ಕೂ ಜೊತೆ ಎಂದು ಎಣಿಸಿ ರೂಢಿಯಿರುವುದರಿಂದ ‘ಒಂದು ಜೊತೆ ತೆಗೆಯಿರಿ’ ಎಂದರೆ ಯಾರಿಗೂ ಸಂಶಯ ಬಾರದು. ಬರಿಯ ‘ಕೊಂಡಿ’ಯನ್ನು ಸಂಖ್ಯೆಯೊಡನೆ ಬಳಸುವುದೇ ಬೇಡ.

ಈ ಮೂರು ಪದಗಳು ಕೈಯಲ್ಲಿದ್ದರೆ ಹರಿದ ಚೈನಿನ ವಿವರಣೆ ಸಲೀಸು. ಹೊರಕೊಂಡಿ ಮುರಿದಿದ್ದರೆ ಅದನ್ನಷ್ಟೇ ತೆಗೆಯಿರಿ. ಎರಡೂ ತುದಿಗಳಲ್ಲಿ ಒಳಕೊಂಡಿ ಉಳಿಯುತ್ತದೆ, ಅವುಗಳ ನಡುವೆ ಕ್ವಿಕ್ ಲಿಂಕ್ (ಎರಡು ಅರ್ಧಗಳಾಗಿ ಬಿಚ್ಚಿ ಸೇರಿಸಬಹುದಾದ ಹೊರಕೊಂಡಿ) ಕೂರುತ್ತದೆ, ಚೈನಿನ ಉದ್ದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಒಳಕೊಂಡಿ ಮುರಿದಿದ್ದರೆ ಅದರ ಎರಡೂ ಪಕ್ಕದ ಹೊರಕೊಂಡಿಗಳನ್ನೂ ತೆಗೆಯಬೇಕು. ಕ್ವಿಕ್ ಲಿಂಕ್ ಹಾಕಿದ ಮೇಲೆ ಚೈನ್ ಒಂದು ಜೊತೆಯಷ್ಟು ಗಿಡ್ಡ. ಕ್ವಿಕ್ ಲಿಂಕೇ ಇಲ್ಲದಿದ್ದರೆ ಯಾವ ಕಡೆ ಮುರಿದಿದ್ದರೂ ಒಂದು ಜೊತೆ ಹೋಗಲೇಬೇಕು, ಏಕೆಂದರೆ ಒಳಕೊಂಡಿಯ ತುದಿ ಹೊರಕೊಂಡಿಗೇ ಸೇರಬೇಕು.

ಇನ್ನು ‘ಚೈನ್ ಕಟರ್’. ಅಂಗಡಿಯಲ್ಲಿ ಇದೇ ಹೆಸರು, ಬದಲಿಸುವ ಅಗತ್ಯ ಕಾಣೆ. ಆದರೆ ಅದು ಏನನ್ನೂ ಕತ್ತರಿಸುವುದಿಲ್ಲ. ತಿರುಪಿನ ತುದಿಯ ಮೊನೆಯಿಂದ ಪಿನ್ನನ್ನು ಹೊರದೂಡುತ್ತದೆ. ‘ಕಟ್ ಮಾಡಿ’ ಎಂದು ಬರೆದರೆ ಓದಿದವನು ಹಿಡಿಕೆಗೆ ಒಂದೇ ಸಮ ಬಲ ಹಾಕುತ್ತಾನೆ. ಹಾಗಾಗಿ ಸಾಧನದ ಹೆಸರು ಕಟರ್ ಎಂದೇ ಇರಲಿ, ಕ್ರಿಯಾಪದ ಮಾತ್ರ ‘ಪಿನ್ ದೂಡು’ ಎಂದಿರಲಿ.

ಕೆಲಸದ ಕ್ರಮವನ್ನೂ ಹೇಳುತ್ತೇನೆ, ಪದ ಹೊಂದುತ್ತದೆಯೇ ನೋಡಿ. ಜೇಬಿನ ಕಟರ್‌ಗಳಲ್ಲಿ ಚೈನ್ ಕೂರಲು ಸಾಮಾನ್ಯವಾಗಿ ಎರಡು ಗೂಡುಗಳಿರುತ್ತವೆ. ಪಿನ್ ದೂಡುವಾಗ ಚೈನನ್ನು ಹಿಡಿಕೆಯಿಂದ ದೂರದ ಗೂಡಿನಲ್ಲಿ, ಹಿಂಬದಿಯ ಗೋಡೆಗೆ ಒತ್ತಿ ಕೂರಿಸಬೇಕು. ತಿರುಪನ್ನು ಬೆರಳಲ್ಲೇ ತಿರುಗಿಸುತ್ತ ಬಂದು, ಮೊನೆ ಪಿನ್ನಿನ ನಟ್ಟನಡುವೆ ಮುಟ್ಟಿದ್ದು ಕಣ್ಣಿಗೆ ಕಂಡ ಮೇಲೆಯೇ ಬಲ. ಮೊದಮೊದಲು ಬಿಗಿ, ಪಿನ್ ‘ಟಕ್’ ಎಂದು ಬಿಟ್ಟುಕೊಂಡ ಮೇಲೆ ಹಗುರ. ಮೊನೆ ಓರೆಯಾಗಿದ್ದರೆ ಅದು ಪಿನ್ನಿನ ಬದಲು ಪಟ್ಟಿಗೆ ಒತ್ತುತ್ತದೆ, ಕೊನೆಗೆ ಮುರಿಯುವುದು ಮೊನೆಯೇ. 8 ಗಿಯರಿನವರೆಗಿನ (ಅಂದರೆ ಹಿಂದೆ ಎಂಟು ಹಲ್ಲುಚಕ್ರಗಳವರೆಗಿನ) ಅಗಲ ಚೈನುಗಳಲ್ಲಿ ಪಿನ್ನನ್ನು ಪೂರ್ತಿ ಬೀಳಿಸದೆ, ಆಚೆ ಪಟ್ಟಿಯಲ್ಲಿ ತುದಿ ಸಿಕ್ಕಿಕೊಂಡಿರುವಂತೆ ಬಿಟ್ಟರೆ ಅದನ್ನೇ ಮರಳಿ ದೂಡಿ ಸೇರಿಸಬಹುದು. 9 ಮತ್ತು ಅದಕ್ಕಿಂತ ಹೆಚ್ಚಿನ ಗಿಯರಿನ ಚೈನುಗಳಲ್ಲಿ ಹಾಗೆ ಮಾಡಬಾರದು. ಅವುಗಳ ಪಿನ್ನಿನ ತಲೆಯನ್ನು ಅರಳಿಸಿ ಕೂರಿಸಿರುತ್ತಾರೆ, ದೂಡುವಾಗ ಆ ಅರಳು ಸವರಿಹೋಗುತ್ತದೆ, ಮರಳಿ ಹಾಕಿದ ಪಿನ್ನಿಗೆ ಹಿಡಿತವಿರುವುದಿಲ್ಲ. ಘಾಟಿನಲ್ಲಿ ಎದ್ದು ನಿಂತು ತುಳಿದಾಗ ಅಲ್ಲೇ ಮತ್ತೆ ಹರಿಯುತ್ತದೆ.

ಪಿನ್ನಿನಿಂದ ಸೇರಿಸಿದ ಜಾಗದಲ್ಲಿ ಕೊಂಡಿ ಸರಾಗವಾಗಿ ಮಡಚದಿದ್ದರೆ, ಪೆಡಲನ್ನು ಹಿಂದಕ್ಕೆ ಮೆಲ್ಲಗೆ ತಿರುಗಿಸಿದಾಗ ಡಿರೇಲರಿನ ಪುಟ್ಟ ಚಕ್ರದ ಮೇಲೆ ಅದು ಕುಪ್ಪಳಿಸುವುದು ಕಾಣುತ್ತದೆ. ಕೀಲುನೋವಿಗೆ ಹೇಳುವಂತೆ ‘ಹಿಡಿದುಕೊಂಡಿದೆ’ ಎನ್ನುವುದು ಇದಕ್ಕೆ ಸಹಜ ಮಾತು, ‘ಹಿಡಿದ ಕೊಂಡಿ’ ಎಂದು ಬರೆಯಲು ನನಗೆ ಒಪ್ಪಿಗೆ. ಹಿಡಿಕೆಯ ಪಕ್ಕದ ಗೂಡು ಇರುವುದು ಇದಕ್ಕೇ: ಅಲ್ಲಿ ಕೂರಿಸಿ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಪು ತಿರುಗಿಸಿ ಪಿನ್ ದೂಡಿದರೆ ಪಟ್ಟಿಗಳು ಕೂದಲೆಳೆಯಷ್ಟು ಅಗಲಿ ಕೊಂಡಿ ಸಡಿಲವಾಗುತ್ತದೆ.

ಕ್ವಿಕ್ ಲಿಂಕಿಗೆ ಕನ್ನಡದ ಹೆಸರು ಬೇಕೇ? ‘ಚೈನ್ ಲಾಕ್’ ಎಂದು ಬರೆಯುವುದಕ್ಕೆ ನನ್ನ ವಿರೋಧವಿದೆ. ಆ ಹೆಸರಲ್ಲಿ ಕೇಳಿದರೆ ಸೈಕಲ್ಲನ್ನು ಕಂಬಕ್ಕೆ ಬಿಗಿಯುವ ಬೀಗ ಕೈಗೆ ಬಂದೀತು. ಇಲ್ಲವೇ ಹಳೆಯ ಒಂಟಿ ಗಿಯರಿನ ಸೈಕಲ್, ಬೈಕುಗಳ ಮೂರು ತುಂಡಿನ ಲಾಕ್: ಎರಡು ಪಿನ್ನಿನ ಪಟ್ಟಿ, ಮೇಲೊಂದು ಪಟ್ಟಿ, ಅದರ ಮೇಲೆ ಮೀನಿನಾಕಾರದ ಕ್ಲಿಪ್. ಅದರಲ್ಲಿ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ದಪ್ಪದ ಕಾರಣ ಅದು ಗಿಯರ್ ಸೈಕಲ್ಲಿಗೆ ಆಗದು. ಗಿಯರ್ ಸೈಕಲ್ಲಿನದಕ್ಕೆ ‘ಕೂಡುಕೊಂಡಿ’ ಎಂದಿಟ್ಟು, ಮೊದಲ ಸಲ ಮಾತ್ರ ‘ಕ್ವಿಕ್ ಲಿಂಕ್ ಅಂದರೆ ಕೂಡುಕೊಂಡಿ’ ಎಂದು ಬರೆದರೆ ಸಾಕೆನಿಸುತ್ತದೆ. ಜೊತೆಗೆ ಗಿಯರಿನ ಸಂಖ್ಯೆ ಹೇಳಲೇಬೇಕು. 8 ಗಿಯರಿನ ಚೈನ್ ಹೊರ ಅಗಲ ಸುಮಾರು 7.1 ಮಿ.ಮೀ., 11ರದ್ದು ಸುಮಾರು 5.5. ಒಂದರದ್ದು ಇನ್ನೊಂದಕ್ಕೆ ಕೂರದು.

ಹಾಕುವಾಗ ಎರಡು ಅರ್ಧಗಳನ್ನು ಎದುರುಬದುರಿನಿಂದ ಸೇರಿಸಿ, ಪೆಡಲ್ ತಿರುಗಿಸಿ ಅದನ್ನು ಚೈನಿನ ಮೇಲಿನ ಎಳೆಗೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಗಟ್ಟಿಯಾಗಿ ಒತ್ತಿದರೆ ಸದ್ದಾಗಿ ಕೂರುತ್ತದೆ. ಬಿಚ್ಚುವುದಕ್ಕೆ ಎರಡು ಪಿನ್ನುಗಳನ್ನು ಒಂದರ ಕಡೆಗೊಂದು ಅಮುಕಬೇಕು. ಅದರದ್ದೇ ಇಕ್ಕಳ ಇಲ್ಲದಿದ್ದರೆ ಹಳೆಯ ಗಿಯರ್ ತಂತಿಯ ತುಂಡನ್ನು ಅದರ ಎರಡೂ ತುದಿಯ ರೋಲರುಗಳಿಗೆ (ಪಿನ್ನಿನ ಸುತ್ತ ತಿರುಗುವ ಉರುಳೆಗಳಿಗೆ) ಸುತ್ತಿ ಎಳೆದರೂ ಬಿಡುತ್ತದೆ.

‘ಲೂಸ್’ ಇದಕ್ಕಿಂತ ಅಪಾಯದ ಪದ. ಒಂಟಿ ಗಿಯರಿನ ಸೈಕಲ್ಲಿನಲ್ಲಿ ಚೈನ್ ಲೂಸ್ ಆಯಿತೆಂದರೆ ಜೋಲುತ್ತಿದೆ ಎಂದರ್ಥ. ಹಿಂದಿನ ಚಕ್ರದ ನಟ್ ಸಡಿಲಿಸಿ ಚಕ್ರ ಹಿಂದಕ್ಕೆಳೆದು, ಚೈನಿನ ನಡುವೆ ಬೆರಳಿಟ್ಟರೆ ಅರ್ಧ ಇಂಚಿನಷ್ಟು ಆಡುವಂತೆ ಬಿಗಿದರೆ ಮುಗಿಯಿತು. ಗಿಯರ್ ಸೈಕಲ್ಲಿನಲ್ಲಿ ಡಿರೇಲರಿನ ಸ್ಪ್ರಿಂಗು ಜೋಲನ್ನೆಲ್ಲ ಎಳೆದುಕೊಂಡುಬಿಡುತ್ತದೆ, ಚೈನ್ ಎಷ್ಟು ಹಾಳಾಗಿದ್ದರೂ ಲೂಸ್ ಕಾಣುವುದಿಲ್ಲ. ಇನ್ನು ‘ಚೈನ್ ಹಿಗ್ಗಿದೆ’ ಎಂಬ ಮಾತು. ಪಟ್ಟಿಗಳು ರಬ್ಬರಿನಂತೆ ಹಿಗ್ಗುವುದಿಲ್ಲ. ಪಿನ್ನೂ ಅದು ತಿರುಗುವ ಒಳಕೊಂಡಿಯ ತೂತೂ ಮರಳು, ಮಣ್ಣು ಸೇರಿ ಸವೆಯುತ್ತವೆ, ಪ್ರತಿ ಕೀಲಿನಲ್ಲೂ ಚೂರುಚೂರು ಸಡಿಲ ಕೂಡಿ ಒಟ್ಟು ಉದ್ದ ಹೆಚ್ಚುತ್ತದೆ. ಹಿಗ್ಗಿದೆ ಎಂದವನು ಒಂದು ಜೊತೆ ತೆಗೆದು ಸರಿಮಾಡಲು ಹೊರಡುತ್ತಾನೆ. ಸವೆದಿದೆ ಎಂದವನು ಚೈನ್ ಬದಲಿಸುತ್ತಾನೆ. ಅದಕ್ಕೇ ‘ಸವೆತ’ವೇ ಇರಲಿ. ಅಳೆಯಲು ಸ್ಟೀಲ್ ಸ್ಕೇಲ್ ಸಾಕು: ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ ಮುಂದಿನ 24ನೇ ಪಿನ್ನಿನ ನಡು 12 ಇಂಚಿಗೆ ಬರಬೇಕು. ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಬದಲಿಸುವ ಹೊತ್ತು. ಮೂರು ಮಿ.ಮೀ. ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಕೆಟ್ಟಿರುವ ಸಂಭವ ಹೆಚ್ಚು, ಹೊಸ ಚೈನ್ ಅವುಗಳ ಮೇಲೆ ಜಾರುತ್ತದೆ.

ಎಣ್ಣೆಯ ವಿಷಯದಲ್ಲಿ ‘ವೆಟ್ ಲ್ಯೂಬ್’, ‘ಡ್ರೈ ಲ್ಯೂಬ್’ಗಳನ್ನು ಒದ್ದೆ, ಒಣ ಎಂದು ಕನ್ನಡಿಸಿದರೆ ಅರ್ಥ ಕೆಡುತ್ತದೆ. ಡ್ರೈ ಅನ್ನುವುದೂ ಬಾಟಲಿಯಲ್ಲಿ ದ್ರವವೇ, ಹಚ್ಚಿದ ಮೇಲೆ ಆರಿ ಮೇಣದ ತೆಳು ಪದರ ಉಳಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆ ಅದನ್ನು ಒಂದೇ ಸವಾರಿಯಲ್ಲಿ ತೊಳೆದುಬಿಡಬಲ್ಲದು. ವೆಟ್ ಮಳೆಗೆ ನಿಲ್ಲುತ್ತದೆ, ಆದರೆ ಬೇಸಿಗೆಯಲ್ಲಿ ಗೋವಾದ ಕೆಂಪು ಧೂಳನ್ನೆಲ್ಲ ಹಿಡಿದು ಅರೆಯುವ ಹಿಟ್ಟಾಗಿಸುತ್ತದೆ. ‘ಮಳೆಗಾಲದ ಎಣ್ಣೆ’, ‘ಬೇಸಿಗೆಯ ಎಣ್ಣೆ’ ಎಂದರೆ ಹೆಸರೇ ಬಳಕೆಯನ್ನೂ ಹೇಳುತ್ತದೆ. ‘ಕೀಲೆಣ್ಣೆ’ ಚೆಲುವಾದ ಹಳೆಯ ಪದ, ಆದರೆ ಅದು ನೆನಪಿಗೆ ತರುವುದು ಗಾಡಿಯ ಅಚ್ಚಿಗೆ ಬಳಿಯುವ ಕಪ್ಪು ಮಂದ ಜಿಡ್ಡನ್ನು. ಚೈನಿಗೆ ಅದು ಸಲ್ಲದು. ‘ಬಳಿ’ ಎಂಬ ಕ್ರಿಯಾಪದವೂ ಬೇಡ, ‘ಹನಿಸು’ ಸರಿ: ಒಂದು ರೋಲರಿಗೆ ಒಂದು ಹನಿ, 114ಕ್ಕೆ ಹೆಚ್ಚೆಂದರೆ ಐದಾರು ಮಿ.ಲೀ. ಪೆಡಲ್ ಹಿಂದಕ್ಕೆ ತಿರುಗಿಸಿ ಇಳಿಯಬಿಟ್ಟು, ರಾತ್ರಿ ಕಳೆದ ಮೇಲೆ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಬೇಕು. ಕೆಲಸ ಮಾಡುವುದು ಒಳಗೆ ಇಳಿದದ್ದು, ಹೊರಗಿನದು ಧೂಳು ಕರೆಯಲು ಮಾತ್ರ. ಮಳೆಯಲ್ಲಿ ನೆನೆದ ಚೈನನ್ನು ಒರೆಸಿ ಒಣಗಿಸಿದ ಮೇಲೆಯೇ ಹನಿಸುವುದು.

ತೊಳೆಯುವ ದ್ರವಕ್ಕೆ ಸೀಮೆಎಣ್ಣೆ, ಚಿಮಣಿ ಎಣ್ಣೆ, ಇಲ್ಲಿಯ ರಾಕೆಲ್ ಮತ್ತು ಘಾಸಲೇಟ್, ನಾಲ್ಕನ್ನೂ ಒಮ್ಮೆ ಕೊಟ್ಟು ಮುಂದೆ ಸೀಮೆಎಣ್ಣೆ ಎಂದೇ ಬರೆಯೋಣ. ಸ್ಪ್ಯಾನರ್ ಮತ್ತು ಪಾನಾ, ಇಕ್ಕಳ ಮತ್ತು ಪಕ್ಕಡ ಇವೂ ಹಾಗೆಯೇ. ಅಲನ್ ಕೀಯನ್ನು ಅಂಗಡಿಗಳಲ್ಲಿ ‘ಎಲ್‌ಎನ್ ಕೀ’ ಎನ್ನುತ್ತಾರೆ. ದಾರಿಯಲ್ಲಿ ಹೆಚ್ಚಾಗಿ ಬೇಕಾಗುವುದು 4, 5, 6 ಮಿ.ಮೀ., ಡಿಸ್ಕ್ ಬ್ರೇಕಿದ್ದರೆ ನಕ್ಷತ್ರ ಮೊನೆಯ ಟಿ25 ಕೂಡ. ಟೈರನ್ನು ರಿಮ್ಮಿನಿಂದ ಬಿಡಿಸುವ ಟೈರ್ ಲಿವರ್‌ಗೆ ಹೆಸರು ಬದಲಿಸದಿದ್ದರೂ ಕ್ರಿಯಾಪದ ‘ಮೀಟು’ ಇರಲಿ.

ನನಗೆ ಪದವೇ ಸಿಗದಿರುವುದು ಒಂದು. ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ತಿರುಗುತ್ತಿರಲು ಬಿಡುವ ಫ್ರೀವೀಲಿನ ಒಳಗೆ ಸ್ಪ್ರಿಂಗಿನ ಬಲದಿಂದ ಮೇಲೆದ್ದು ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಉಕ್ಕಿನ ತುಂಡಿಗೆ ಹಿಂದಿಯಲ್ಲಿ ‘ಕುತ್ತಾ’ ಎನ್ನುತ್ತಾರೆ. ಹಳೆಯ ಗ್ರೀಸ್ ಗಟ್ಟಿಯಾಗಿ ಅದು ಮೇಲೇಳದಿದ್ದರೆ ಪೆಡಲ್ ಬರಿದೇ ತಿರುಗುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಸೀಮೆಎಣ್ಣೆ ಹನಿಸಿ, ಹಿಂದಕ್ಕೆ ತಿರುಗಿಸುತ್ತ ಜಿಡ್ಡು ಕರಗಿಸಿ, ಆಮೇಲೆ ತೆಳು ಎಣ್ಣೆ ಬಿಟ್ಟರೆ ಹೆಚ್ಚಿನ ಸಲ ಮತ್ತೆ ಹಿಡಿಯುತ್ತದೆ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಪುತ್ತೂರು ಕಡೆಯ ಸೈಕಲ್ ಶಾಪಿನವರು ಇದಕ್ಕೆ ಏನೆನ್ನುತ್ತಾರೆ? ಕೇಳಿ ಬಲ್ಲವರು ಊರಿನ ಹೆಸರಿನೊಂದಿಗೆ ತಿಳಿಸಿ.