ಸಹಾಯ ಬೇಕು: ಯೇಸು ದೇವರೋ, ದೇವರ ಮಗನೋ?

ಎಲ್ಲರಿಗೂ ನಮಸ್ಕಾರ. ಯೋಹಾನನ ಸುವಾರ್ತೆ ಓದುತ್ತಾ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

10ನೇ ಅಧ್ಯಾಯದಲ್ಲಿ ಯೇಸು ತಾನೂ ತಂದೆಯೂ ಒಂದೇ ಅನ್ನುತ್ತಾರೆ. 14ಕ್ಕೆ ಬಂದರೆ ತಂದೆ ತನಗಿಂತ ದೊಡ್ಡವನು ಅನ್ನುತ್ತಾರೆ. ಎರಡೂ ಅದೇ ಪುಸ್ತಕ, ಅದೇ ಬಾಯಿ! ಮಾರ್ಕನ 13ರಲ್ಲಂತೂ ಆ ಕಡೆಯ ದಿನ ಯಾವಾಗ ಅನ್ನುವುದು ತಂದೆಗೆ ಮಾತ್ರ ಗೊತ್ತು, ಮಗನಿಗೂ ಗೊತ್ತಿಲ್ಲ ಅಂತಿದೆ. ದೇವರಿಗೆ ಗೊತ್ತಿಲ್ಲದ್ದು ಇರುತ್ತದಾ?

ಸುಮ್ನೆ ಕೇಳುತ್ತಿಲ್ಲ, ಒಂದಿಷ್ಟು ಓದಿದ್ದೇನೆ. ಮಗನೂ ಸೃಷ್ಟಿಯಾದವನೇ, ಅವನು ಇಲ್ಲದ ಕಾಲವೂ ಇತ್ತು ಎಂದು ಅರಿಯಸ್ ಎಂಬ ಪಾದ್ರಿ ಕಲಿಸಿದ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ಅದನ್ನು ತಳ್ಳಿಹಾಕಿತು. ಮಗ ತಂದೆಯಿಂದ ಹುಟ್ಟಿದವನು, ಸೃಷ್ಟಿಯಾದವನಲ್ಲ, ಇಬ್ಬರ ಸತ್ವವೂ ಒಂದೇ ಎಂದಿತು. 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ ಸೇರಿದ ಅಂಥದೇ ಸಭೆ ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದಿತು. ಮಗನಿಗೆ ಗೊತ್ತಿಲ್ಲ ಅಂದಿದ್ದು ಮನುಷ್ಯನಾಗಿ ಎಂಬ ಉತ್ತರ ಇದಕ್ಕೆ ಹೊಂದುತ್ತದೆ. ನನಗೇಕೋ ಅದು ಜಾರಿಕೊಂಡ ಹಾಗೆ ಕಾಣುತ್ತದೆ.

ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದಕ್ಕೆ (ಇದೇ ತ್ರಯೈಕತ್ವ) ಕೊಡುವ ನೀರು, ಮಂಜುಗಡ್ಡೆ, ಆವಿ ಉದಾಹರಣೆ ಮಾತ್ರ ದಯವಿಟ್ಟು ಬೇಡ. ಒಬ್ಬನೇ ಮೂರು ವೇಷ ಹಾಕಿದರೆ, ಗೆತ್ಸೆಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದ್ದು ಯಾರಿಗೆ? ಸಭೆಗಳೂ ಈ ವಾದವನ್ನು ಒಪ್ಪಿಲ್ಲ, ಅಲ್ವಾ?

ಹುಟ್ಟಿದವನು, ಆದರೆ ಆರಂಭವಿಲ್ಲದವನು. ಈ ಮಾತು ನಿಮಗೆ ಹೇಗೆ ಅರ್ಥವಾಯಿತು? ತ್ರಯೈಕತ್ವವನ್ನು ಒಪ್ಪದ ಯೆಹೋವನ ಸಾಕ್ಷಿಗಳು ಇಲ್ಲಿದ್ದರೆ ನೀವೂ ಹೇಳಿ. ಜಗಳ ಬೇಡ, ವಚನ ಯಾವುದು ಅಂತ ಹೇಳಿದರೆ ನಾನೇ ತೆಗೆದು ಓದಿಕೊಳ್ಳುತ್ತೇನೆ.