ಸಂಬಳ ನಿಂತರೆ ಕಾಲರಾ ಬರುತ್ತದಾ?

ಪ್ರಶ್ನೆ: ಸರ್, ನೀವು ಪರಿಹಾರ ಕೆಲಸದಲ್ಲಿ ಸಾರ್ವಜನಿಕ ಆರೋಗ್ಯ ನೋಡಿಕೊಳ್ಳುವವರು, ಅದಕ್ಕೇ ಕೇಳ್ತಿದ್ದೇನೆ. ಯೆಮನ್ ಯುದ್ಧದಲ್ಲಿ 2021ರ ಕೊನೆಯ ಹೊತ್ತಿಗೆ ಸುಮಾರು 3.77 ಲಕ್ಷ ಜನ ಸತ್ತಿರಬಹುದು, ಅದರಲ್ಲಿ ಶೇ. 60ರಷ್ಟು ಜನ ಹಸಿವು, ಕಾಯಿಲೆಯಂಥ ಕಾರಣಕ್ಕೆ ಸತ್ತವರು ಎಂದು ವಿಶ್ವಸಂಸ್ಥೆಯ ಅಂದಾಜು ಓದಿದೆ. ಬಾಂಬು ಬೀಳದ ಕಡೆಯೂ ಇಷ್ಟು ಜನ ಸಾಯುವುದು ಹೇಗೆ?

ಉತ್ತರ: ಬಾಂಬು ಬಿಡಿ, ಸಂಬಳದಿಂದ ಶುರು ಮಾಡೋಣ. 2016ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಹಾದಿ ಅವರ ಸರ್ಕಾರ ಕೇಂದ್ರ ಬ್ಯಾಂಕನ್ನು ರಾಜಧಾನಿ ಸನಾದಿಂದ ತನ್ನ ಹಿಡಿತದಲ್ಲಿದ್ದ ದಕ್ಷಿಣದ ಬಂದರು ನಗರ ಏಡನ್‌ಗೆ ಎತ್ತಿಕೊಂಡು ಹೋಯಿತು. ಸನಾ ಆ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಹೌತಿ ಬಂಡುಕೋರರ ಕೈಲಿತ್ತು, ಅವರಿಗೆ ದುಡ್ಡು ಸಿಗಬಾರದು ಅನ್ನುವುದು ಲೆಕ್ಕ. ಸಂಬಳ ಅದಕ್ಕೂ ಮೊದಲೇ ತಡವಾಗುತ್ತಿತ್ತು. ಆಮೇಲೆ ಸುಮಾರು 12 ಲಕ್ಷ ಸರ್ಕಾರಿ ನೌಕರರಲ್ಲಿ ಹೆಚ್ಚಿನವರಿಗೆ ಬರುವುದೇ ನಿಂತಿತು.

ಆ ನೌಕರರು ಅಂದರೆ ಯಾರು? ನರ್ಸುಗಳು, ಮೇಷ್ಟ್ರುಗಳು, ಪಂಪು ನಡೆಸುವವರು, ಕಸ ಎತ್ತುವವರು. ಸನಾದಲ್ಲಿ ಕಸದವರು ಮುಷ್ಕರ ಹೂಡಿದರು, ಬೀದಿಯಲ್ಲಿ ಕಸ ಗುಡ್ಡೆಯಾಯಿತು. ಕರೆಂಟು, ಡೀಸೆಲ್ ಇಲ್ಲದೆ ಕೊಳಚೆ ನೀರು ಶುದ್ಧಮಾಡುವ ಘಟಕ ನಿಂತಿತು. ಅದರ ಮೇಲೆ ಮಳೆ ಸುರಿಯಿತು. 2017ರ ಏಪ್ರಿಲ್ ಕೊನೆಯಲ್ಲಿ ಕಾಲರಾ ಮತ್ತೆ ಎದ್ದಿತು, ಡಿಸೆಂಬರ್ ಹೊತ್ತಿಗೆ ಶಂಕಿತ ರೋಗಿಗಳು 10 ಲಕ್ಷ ದಾಟಿದರು. ಬೇಗ ಸಿಕ್ಕಿದರೆ ಹೆಚ್ಚಿನವರು ಓಆರ್‌ಎಸ್ (ಉಪ್ಪು, ಸಕ್ಕರೆ ಬೆರೆಸಿದ) ನೀರು ಕುಡಿದೇ ಬದುಕಿಕೊಳ್ಳುವ ಕಾಯಿಲೆ ಇದು. ಈ ಕೆಲಸದಲ್ಲಿರುವ ನಮಗೆ ಹೊಟ್ಟೆ ಉರಿಯುವುದು ಅಲ್ಲೇ.

ಪ್ರಶ್ನೆ: ಹಸಿವಿನ ಮಾತಾದರೂ ಸುಲಭ ಅಲ್ವಾ? ಹೊರಗಿನಿಂದ ಗೋಧಿ ಕಳಿಸಿದರೆ ಆಯ್ತು.

ಉತ್ತರ: ಯೆಮನ್ ಮೊದಲಿಂದಲೂ ಸುಮಾರು ಶೇ. 90ರಷ್ಟು ಗೋಧಿಯನ್ನು ಹೊರಗಿನಿಂದಲೇ ತರಿಸುತ್ತಿತ್ತು. ಹೆಚ್ಚಿನ ಪಾಲು ಹೊದೈದಾ ಬಂದರಿನಲ್ಲಿ ಇಳಿಯುತ್ತಿತ್ತು. 2015ರ ಆಗಸ್ಟ್‌ನಲ್ಲಿ ಹಾದಿ ಸರ್ಕಾರದ ಪರ ಇದ್ದ ಸೌದಿ ನೇತೃತ್ವದ ಮೈತ್ರಿಕೂಟದ ವೈಮಾನಿಕ ದಾಳಿಗೆ ಅಲ್ಲಿನ ಕ್ರೇನುಗಳು ಹಾಳಾದವು. ವಿಶ್ವ ಆಹಾರ ಕಾರ್ಯಕ್ರಮ ಕಳಿಸಿದ ನಾಲ್ಕು ಕ್ರೇನುಗಳನ್ನು 2017ರ ಜನವರಿಯಲ್ಲಿ ಅದೇ ಮೈತ್ರಿಕೂಟದವರು ಸಮುದ್ರದಿಂದಲೇ ವಾಪಸ್ ಕಳಿಸಿದರು. ಅವು ಬಂದರು ಮುಟ್ಟಿದ್ದು ಮುಂದಿನ ಜನವರಿಗೆ!

ಇಷ್ಟಾದರೂ ಎಷ್ಟೋ ಕಡೆ ಅಂಗಡಿಯಲ್ಲಿ ಹಿಟ್ಟು ಇತ್ತು. ಕೊಳ್ಳಲು ದುಡ್ಡಿರಲಿಲ್ಲ. ಯುದ್ಧಕ್ಕೆ ಮುಂಚೆ ಡಾಲರಿಗೆ ಸುಮಾರು 215 ರಿಯಾಲ್ ಇತ್ತು; 2021ರಲ್ಲಿ ಏಡನ್‌ನಲ್ಲಿ ಸಾವಿರ ದಾಟಿತ್ತು. ಸಂಬಳ ಇಲ್ಲದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬರು: ಸುಡಾನ್‌ನಲ್ಲೂ ಇದೇ ಕಥೆನಾ?

ಉತ್ತರ: ಪೂರ್ತಿ ಅಲ್ಲ. ಅಲ್ಲಿ ಪೆಟ್ಟು ನೇರ ಹೊಲಕ್ಕೇ ಬಿತ್ತು. 2023ರ ಏಪ್ರಿಲ್‌ನಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಡಿಸೆಂಬರ್‌ಗೆ ಆ ಪಡೆ ದೇಶದ ಕಣಜ ಅನಿಸಿಕೊಂಡ ಗೆಜಿರಾಕ್ಕೆ ನುಗ್ಗಿತು. 2024ರ ಆಗಸ್ಟ್‌ನಲ್ಲಿ ಪಶ್ಚಿಮದ ಡಾರ್ಫರ್‌ನ ಎಲ್ ಫಾಶೆರ್ ನಗರದ ಹತ್ತಿರ, ಮನೆಮಠ ಬಿಟ್ಟು ಬಂದವರ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇರುವುದು ಖಚಿತವಾಯಿತು. ಸುತ್ತ ಮುತ್ತಿಗೆ, ನೆರವಿನ ಲಾರಿ ಒಳಗೆ ಹೋಗುವಂತಿರಲಿಲ್ಲ.

ಸರ್ಕಾರ ಕಾಣದ ಕಡೆ ಬಡಾವಣೆಯ ಹುಡುಗ ಹುಡುಗಿಯರೇ ಗುಂಪು ಕಟ್ಟಿಕೊಂಡು ಸಾಮೂಹಿಕ ಅಡುಗೆಮನೆ ನಡೆಸಿದರು. 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತಾಗ ಅವುಗಳಲ್ಲಿ ನೂರಾರು ಮುಚ್ಚಿಹೋದವು.